ನಡುಬೆಂಚಿನ ಸ್ಯಾಂಪಲ್

ನನಗೆ ನೆಟ್ಟಗೆ ಪಾಠ ಮಾಡಲು ಬರುವುದಿಲ್ಲ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಬೈಲಹೊಂಗಲದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಕರಿಹಲಗೆಯ ಮೇಲೆ 'ಕ್ರಿಯಾಪದ' ಎಂದು ಬರೆದು ತಿರುಗುತ್ತೇನೆ. ಉದಾಹರಣೆಗೆ 'ತಿನ್ನು' ಎನ್ನುತ್ತೇನೆ. ತಿನ್ನುವುದೆಂದ ಮೇಲೆ ರೊಟ್ಟಿ ಬಂತು, ರೊಟ್ಟಿಯ ಹಿಂದೆ ಜೋಳ, ಜೋಳದ ಹಿಂದೆ ಮನೋಳಿಯ ನಮ್ಮ ಸೋದರತ್ತೆಯ ಹೊಲ, ಹೊಲದ ಹಿಂದೆ ಮಲಪ್ರಭೆ. ಗಂಟೆ ಬಾರಿಸುವ ಹೊತ್ತಿಗೆ ತರಗತಿಗೆ ತರಗತಿಯೇ ಹೊಳೆಯಲ್ಲಿ ಈಜುತ್ತಿರುತ್ತದೆ, ಕ್ರಿಯಾಪದ ಮಾತ್ರ ದಂಡೆಯ ಮೇಲೆ ಬಟ್ಟೆ ಕಾಯುತ್ತ ಕೂತಿರುತ್ತದೆ. ಮನೆಯಲ್ಲೂ ಇದೇ ಹಣೆಬರಹ. "ಕೊತಂಬ್ರಿ ತರಾಕ ಹೋಗಿ ರಾಮದುರ್ಗದ ಬಸ್ಸಿನ ಟೈಮ ಕೇಳ್ಕೊಂಡ ಬಂದ್ರಿ ನೋಡ್ರಿ" ಎಂದು ನನ್ನ ಹೆಂಡತಿ ಬರಿಗೈಯನ್ನು ತೋರಿಸಿ ಹೇಳುತ್ತಾಳೆ. ಕೊತ್ತಂಬರಿ ಮಾರುವವನು ರಾಮದುರ್ಗದವನಾಗಿದ್ದರೆ ನಾನೇನು ಮಾಡಲಿ, ನೀವೇ ಹೇಳಿ.

ನನ್ನ ಪರವಾಗಿ ವಕೀಲಿ ಮಾಡುವವರು ಯಾರೂ ಇಲ್ಲವಾದ್ದರಿಂದ ನಾನೇ ಎರಡು ಮಾತು ಆಡುತ್ತೇನೆ. ಕಿತ್ತೂರಿನ ಪಕ್ಕದ ಹೆದ್ದಾರಿ ನೆಟ್ಟಗಿದೆ. ಅದರ ಮೇಲೆ ನೆಟ್ಟಗೆ ಹೋದವನು ನೆಟ್ಟಗೆ ಧಾರವಾಡ ಮುಟ್ಟುತ್ತಾನೆ, ಅಷ್ಟೆ. ದೇಗಾಂವದ ಕಮಲನಾರಾಯಣನ ಗುಡಿ ನೋಡಬೇಕಾದರೆ ರಸ್ತೆ ಬಿಟ್ಟು ಒಳಗೆ ಹೊರಳಲೇಬೇಕು. ಹಾಗೆ ಹೊರಳದೆ ಹೋದ ಜನ ಎಷ್ಟೋ! ನನ್ನ ಪಾಠವೂ ಆಗಾಗ ಒಳಗೆ ಹೊರಳುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಈ ಸಮಾಧಾನ ನಮ್ಮ ಆಡಳಿತ ಮಂಡಳಿಗೆ ಆಗಬೇಕಲ್ಲ!

ಮಂಡಳಿ ಎಂದರೆ ನಮ್ಮಲ್ಲಿ ಅಧ್ಯಕ್ಷರಾದ ಸಾಹುಕಾರರು. ಉಳಿದ ಸದಸ್ಯರು ಚಹಾಕ್ಕೆ ಬರುತ್ತಾರೆ. ಸಾಹುಕಾರರು ಹತ್ತಿ ವ್ಯಾಪಾರಿ, ತಂದೆಯ ಕಾಲದಿಂದಲೂ ಪೇಟೆಯಲ್ಲಿ ಅಡತಿ ಅಂಗಡಿ. ಕೆಟ್ಟವರೇನಲ್ಲ, ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಶಾಲೆಯ ಮೇಲೆ ಅವರಿಗೆ ಜೀವ. ಕಷ್ಟವೇನೆಂದರೆ ಜಗತ್ತಿನಲ್ಲಿ ಅವರಿಗೆ ಬರುವ ವಿದ್ಯೆ ಒಂದೇ, ಆ ಒಂದರಲ್ಲಿ ಅವರನ್ನು ಮೀರಿಸುವವರಿಲ್ಲ. ಹತ್ತಿ ತುಂಬಿದ ಅಂಡಿಗೆಯ ಬಾಯಿ ಬಿಚ್ಚಿಸಿ, ಮೊಳಕೈವರೆಗೆ ತೋಳು ತೂರಿಸಿ, ನಟ್ಟನಡುವಿನಿಂದ ಒಂದು ಹಿಡಿ ಹತ್ತಿ ಎಳೆಯುತ್ತಾರೆ. ಎರಡು ಹೆಬ್ಬೆರಳ ನಡುವೆ ಅದನ್ನು ಹಿಂಜಿ, ಬೆಳಕಿಗೆ ಹಿಡಿದು, ಮೂಸಿ, "ಎಳಿ ಛಲೋ ಐತಿ" ಎಂದು ಎಳೆಯನ್ನು ಮೆಚ್ಚಿದರೆ ಮಾಲು ಮಾರಿಹೋಯಿತು. "ತ್ಯಾವ ಐತಿ" ಎಂದರೆ, ಅಂದರೆ ತೇವ ಇದೆ ಎಂದರೆ, ಮಾರುವವನ ಮುಖ ಇಳಿಯಿತು. ಯಾಕೆ ನಡುವಿನಿಂದಲೇ? ಮಾರುವವರು ಮೇಲೆ ಒಳ್ಳೆಯ ಹತ್ತಿ ಹಾಸುತ್ತಾರೆ, ತಳದ್ದು ಹೇಗೂ ನೆಲದ ತೇವ ಹೀರಿರುತ್ತದೆ, ನಡುವಿನದು ಸುಳ್ಳು ಹೇಳುವುದಿಲ್ಲ. ಇದು ಅವರ ಸಿದ್ಧಾಂತ.

ಈ ವರ್ಷ ಸಾಹುಕಾರರಿಗೆ ಶಾಲೆಯನ್ನು ಸುಧಾರಿಸುವ ಹುಕಿ ಬಂತು. ಮೊದಲು ಹೊಸ ನಿಯಮಗಳು ಬಂದವು. ಎಲ್ಲ ವಿಭಾಗಗಳಲ್ಲೂ ಒಂದು ದಿನ ಒಂದೇ ಪುಟ. ಪುಸ್ತಕದಲ್ಲಿಲ್ಲದ ಮಾತು ಬಾಯಲ್ಲಿರಬಾರದು. ಕೇಳಿದ್ದಕ್ಕೆ ಮಕ್ಕಳು ಚಟ್ಟನೆ ಉತ್ತರ ಹೇಳಬೇಕು. ಶಿಕ್ಷಕರು ಕೂಡಬಾರದು, ಕೂತರೆ ಪಾಠವೂ ಕೂಡುತ್ತದೆ. ಈ ಕಡೆಯ ನಿಯಮಕ್ಕಾಗಿ ಎಲ್ಲ ತರಗತಿಗಳ ಕುರ್ಚಿಗಳನ್ನೂ ಶಿಕ್ಷಕರ ಕೋಣೆಗೆ ತಂದು ಒಟ್ಟಿದರು. ಅಲ್ಲೀಗ ಕುರ್ಚಿಗಳು ಎಷ್ಟಾದವೆಂದರೆ ಕೂಡಲು ಜಾಗವಿರಲಿಲ್ಲ.

ನನ್ನ ತರಗತಿಯಲ್ಲಿ ಬಹಳ ವರ್ಷಗಳಿಂದ ಒಂದು ಪದ್ಧತಿ ಇತ್ತು. ನಾನು ಪ್ರಶ್ನೆ ಕೇಳುತ್ತೇನೆ, ಉತ್ತರ ಬರುವವರೆಗೆ ಕಾಯುತ್ತೇನೆ. ಯಾರೂ ಪಿಸುಗುಡುವ ಹಾಗಿಲ್ಲ, ನಗುವ ಹಾಗಿಲ್ಲ. ಉತ್ತರ ಹೇಳಿದವರಿಗೆ ತಿರುಗಿ ನನಗೊಂದು ಪ್ರಶ್ನೆ ಕೇಳುವ ಹಕ್ಕು. ಎಂಥೆಂಥ ಪ್ರಶ್ನೆಗಳು! ನಿಮಗ ಮೊದಲು ಯಾರು ಹೊಡದ್ರು, ನಿಮ್ಮ ಮನ್ಯಾಗ ಯಾರ ಮಾತು ನಡಿತೈತಿ, ಎಲ್ಲ ಕೇಳಿದ್ದಾರೆ. ನನ್ನ ಬೋಧನಾಶಾಸ್ತ್ರವೆಂದರೆ ಇಷ್ಟೇ. ಇದು ಹೊಸ ನಿಯಮದ ಯಾವ ಮೂಲೆಯಲ್ಲೂ ಹೊಂದುವಂತಿರಲಿಲ್ಲ.

ನಿಯಮ ಮಾಡಿ ಸುಮ್ಮನಿರುವವರು ಬೇರೆ, ನಮ್ಮ ಸಾಹುಕಾರರು ತಪಾಸಣೆಗೆ ಇಳಿದರು. ಯಾವಾಗ ಬೇಕಾದರೂ ತರಗತಿಗೆ ಬರುತ್ತಿದ್ದರು, ಹಿಂದೆ ಹೆಡ್ಮಾಸ್ತರರಾದ ಕುಲಕರ್ಣಿ ಸರ್. ನೇರ ನಡುವಿನ ಬೆಂಚಿಗೆ ಹೋಗಿ ಒಂದು ಮಗುವಿನ ಹೆಗಲ ಮೇಲೆ ಕೈಯಿಟ್ಟು "ನೀ ಏಳು" ಎನ್ನುತ್ತಿದ್ದರು. ಒಂದೇ ಪ್ರಶ್ನೆ. ಆ ಒಂದು ಮಗು ಇಡೀ ತರಗತಿಯ ಸ್ಯಾಂಪಲ್. ತಟ್ಟನೆ ಉತ್ತರ ಬಂದರೆ "ಎಳಿ ಛಲೋ ಐತಿ". ತಡವರಿಸಿದರೆ "ತ್ಯಾವ ಐತ್ರೀ ಸರ". ತೇವದ ಶಿಕ್ಷಕರಿಗೆ ಆ ತರಗತಿ ತಪ್ಪಿ ಎಲ್‌ಕೆಜಿಗೆ ವರ್ಗ. ಸಣ್ಣ ಮಕ್ಕಳನ್ನು ಯಾರು ಬೇಕಾದರೂ ಸಂಭಾಳಿಸಬಹುದು ಎಂಬ ಎಣಿಕೆ.

ಮೊದಲ ಬಲಿ ಗಣಿತದ ಅಂಗಡಿ ಸರ್. ಅವರು ಕೆಮ್ಮಿದರೆ ಇಡೀ ವೆರಾಂಡ ಸುಮ್ಮನಾಗುತ್ತಿತ್ತು. ಅಂಥವರು ಎಲ್‌ಕೆಜಿಯಲ್ಲಿ ಎರಡು ಕೈ ಕಿವಿಗೆ ಹಚ್ಚಿಕೊಂಡು ಮೊಲವಾಗಿ ಕುಪ್ಪಳಿಸುವುದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಅಷ್ಟು ದಪ್ಪ ಮೀಸೆಯ ಮೊಲವನ್ನು ಯಾರೂ ನೋಡಿರಲಾರರು. ನಗು ಬಂತು, ಮರುಗಳಿಗೆ ನನ್ನ ಮಂಡಿಗಳ ನೆನಪಾಗಿ ನಗು ನಿಂತಿತು.

ಶಿಕ್ಷಕರೇನು ದಡ್ಡರೇ? ಸಾಹುಕಾರರ ಕೈ ನಡುವಿಗೇ ಹೋಗುತ್ತದೆ ಎಂಬುದು ಎಲ್ಲರಿಗೂ ಬೇಗ ಹೊಳೆಯಿತು. ನನ್ನದೊಂದು ಬಿಟ್ಟು ಎಲ್ಲ ತರಗತಿಗಳಲ್ಲೂ ಬುದ್ಧಿವಂತರು ಮುಂದಿನ ಬೆಂಚು ಬಿಟ್ಟು ನಡುವಿಗೆ ಬಂದರು. ಸುದ್ದಿ ಮನೆಗಳಿಗೆ ಮುಟ್ಟಿ ಪಾಲಕರು ಬರತೊಡಗಿದರು. "ನಮ್ಮ ಹುಡುಗನ್ನ ನಡಕ ಕುಂದರ್ಸ್ರೀ ಸರ, ಬದೀಗೆ ಕುಂತ ಬದೀ ಮನಶ್ಯಾ ಆಗ್ಯಾನ" ಎಂದು ಒಬ್ಬರು ಕಣ್ಣೀರು ಹಾಕುವುದೊಂದು ಬಾಕಿ. ಹೆಡ್ಮಾಸ್ತರರು ಒಂದು ತರಗತಿಗೆ ಎಷ್ಟು ನಡು ಇರಬಹುದೆಂದು ತಲೆ ಕೆರೆದುಕೊಳ್ಳುತ್ತಿದ್ದರು.

ನನ್ನ ಏಳನೆಯ ತರಗತಿಯ ನಡುಬೆಂಚಿನಲ್ಲಿ ಇದ್ದವಳು ಭಾಗ್ಯಶ್ರೀ. ಸಂಗೊಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿ. ಎಡಗಿವಿ ಸ್ವಲ್ಪ ಮಂದ. ನಾನು ಬೆಂಚುಗಳ ಸಾಲಿನ ನಡುವೆ ಓಡಾಡುತ್ತ ಮಾತಾಡುವವನಾದ್ದರಿಂದ ಅಲ್ಲಿ ತುದಿಗೆ ಕೂತರೆ ಅವಳ ಒಳ್ಳೆಯ ಕಿವಿ ನನ್ನ ಕಡೆಗಿರುತ್ತದೆ. ವರ್ಷದ ಮೊದಲಲ್ಲಿ ಅವಳ ಬಾಯಿಂದ ಹಾಜರಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಕಾದು ಕಾದು ಒಂದು ಸಂಗತಿ ಗೊತ್ತಾಯಿತು. ಪ್ರಶ್ನೆ ಕೇಳಿದರೆ ಅವಳು ತೂಗಿ ನೋಡುತ್ತಾಳೆ, ಹೊರಳಿಸಿ ನೋಡುತ್ತಾಳೆ, ಒಲೆಯ ಮೇಲೆ ಹಾಲಿಟ್ಟರೆ ಉಕ್ಕಬೇಕು, ಅಷ್ಟು ಹೊತ್ತು. ಆಮೇಲೆ ಹೇಳಿದ ಮಾತು ಮಾತ್ರ ಅವಳದೇ ಆಗಿರುತ್ತದೆ. ಚಟ್ಟನೆ ಎಂಬುದು ಅವಳ ಜಾತಕದಲ್ಲೇ ಇಲ್ಲ.

"ನಾಳೆ ಸಾವ್ಕಾರ್ರು ನಿಮ್ಮ ಕ್ಲಾಸಿಗೆ ಬರೋರಿದ್ದಾರ" ಎಂದು ಕುಲಕರ್ಣಿ ಸರ್ ಗುಟ್ಟಾಗಿ ಹೇಳಿದರು. "ಆ ಹುಡುಗೀನ್ನ ಒಂದಿನದ ಮಟ್ಟಿಗೆ ಹಿಂದ ಕೂಡಸ್ರೆಲಾ. ಯಾಕ ಸುಮ್ಮ ತ್ರಾಸು?"

ಹೆದರಿದೆ, ಯಾಕೆ ಸುಳ್ಳು ಹೇಳಲಿ. ಏಳನೆಯ ತರಗತಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಆ ವಯಸ್ಸಿನ ಮಕ್ಕಳು ಆಗತಾನೆ ವಾದ ಮಾಡಲು ಶುರುಮಾಡಿರುತ್ತಾರೆ. ಅಂದೇ ಅವಳನ್ನು ಕರೆದು ಹಿಂದಿನ ಬೆಂಚು ತೋರಿಸಿದೆ. ಚೀಲ ಎತ್ತಿಕೊಂಡಳು. ನನ್ನ ಮುಖ ನೋಡಿ, "ನಾ ಏನರ ತಪ್ಪ ಮಾಡೇನೇನ್ರೀ ಸರ?" ಎಂದಳು. ಈ ಪ್ರಶ್ನೆ ಮಾತ್ರ ಚಟ್ಟನೆ ಬಂತು. ನನಗೆ ಬಹಳ ನಾಚಿಕೆಯಾಯಿತು. "ಇಲ್ಲವ್ವಾ, ಕುಂದರು ನಿನ್ನ ಜಾಗಾದಾಗ, ನಾ ಬೆಂಚ ಎಣಿಸಾಕತ್ತಿದ್ನಿ" ಎಂದು ಏನೋ ಒಂದು ಒದರಿದೆ. ಎಲ್‌ಕೆಜಿಯಾದರೆ ಎಲ್‌ಕೆಜಿ, ಮೊಲವಾದರೆ ಮೊಲ ಎಂದು ನಿಶ್ಚಯಿಸಿ ಮನೆಗೆ ಹೋದೆ.

ಮರುದಿನ ಸಾಹುಕಾರರು ಬಂದರು. ಬಿಳಿ ಅಂಗಿ, ಬಿಳಿ ಧೋತರ, ತೋಳಿನ ಮೇಲೆ ಎಲ್ಲೋ ಅಂಟಿಕೊಂಡ ಒಂದೆಳೆ ಹತ್ತಿ. ಸೀದಾ ನಡುಬೆಂಚಿಗೆ ಹೋಗಿ ಭಾಗ್ಯಶ್ರೀಯ ಹೆಗಲ ಮೇಲೆ ಕೈಯಿಟ್ಟರು.

"ಏಳವಾ. ಕಾರಹುಣ್ಣಿವಿ ದಿನ ರೈತ ಎತ್ತಿನ ಪೂಜಿ ಯಾಕ ಮಾಡತಾನು?"

ಆ ವಾರದ ಪಾಠ ಅದೇ. ಪುಸ್ತಕದಲ್ಲಿ ಒಂದೇ ಸಾಲಿನ ಉತ್ತರ: ಎತ್ತುಗಳು ವರ್ಷವಿಡೀ ಹೊಲದಲ್ಲಿ ದುಡಿಯುತ್ತವೆ, ಆದ್ದರಿಂದ. ಗೋಡೆಗೆ ಕೇಳಿದರೂ ಹೇಳುವಂಥದ್ದು. ಭಾಗ್ಯಶ್ರೀ ಎದ್ದು ನಿಂತಳು, ಸುಮ್ಮನಾದಳು. ಹೆಡ್ಮಾಸ್ತರರು ಗಡಿಯಾರ ನೋಡಿದರು. ಅವಳು ಸುಮ್ಮನೆ. ಸಾಹುಕಾರರು ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿದರು. ಅವಳು ಇನ್ನೂ ಸುಮ್ಮನೆ. ಸಾಹುಕಾರರು ನನ್ನ ಕಡೆ ಹೊರಳಿ, "ತ್ಯಾವ..." ಎಂದು ಶುರುಮಾಡಿದರು.

"ತಡೀರಿ ಸಾವ್ಕಾರ್ರ" ಎಂದುಬಿಟ್ಟೆ. "ಬರಾಕತ್ತೈತಿ."

ಪೇಟೆಯಲ್ಲಿ ಅವರಿಗೆ ತಡೆಯಿರಿ ಎಂದವರು ಯಾರೂ ಇರಲಿಕ್ಕಿಲ್ಲ. "ಏನ ಬರಾಕತ್ತೈತ್ರೀ?" ಎಂದು ಬಾಗಿಲ ಕಡೆ ನೋಡಿದರು. ಉತ್ತರ ಬರುತ್ತಿದೆ ಎಂದೆ. ಅವರು ಕೂಡಲು ಕುರ್ಚಿ ಹುಡುಕಿದರು, ಕುರ್ಚಿ ಅವರದೇ ಹುಕುಮಿನಿಂದ ಹೋಗಿತ್ತು. ಕೊನೆಗೆ ಧೋತರ ಸಾವರಿಸಿ ಹುಡುಗಿಯ ಪಕ್ಕದಲ್ಲೇ ಬೆಂಚಿಗೆ ತೂರಿಕೊಂಡರು. ಬೆಂಚು ಕಿರ್ರೆಂದಿತು. ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ, ಕಾಯುವುದು ಅವರಿಗೆ ರೂಢಿ.

"ಪುಸ್ತಕದಾಗ ದುಡೀತಾವು ಅಂತ ಮಾಡತಾರು ಅಂತ ಐತ್ರೀ" ಎಂದಳು ಭಾಗ್ಯಶ್ರೀ ಕಡೆಗೂ. "ಆದ್ರ ನಮ್ಮನ್ಯಾಗ ಎತ್ತಿಲ್ರೀ, ಟ್ರ್ಯಾಕ್ಟರ ಐತಿ. ಅದಕ್ಕ ಪೂಜಿ ಮಾಡತಾರು. ಅದು ಹೋಳಗಿ ತಿನ್ನಂಗಿಲ್ಲ, ಅದರ ಪಾಲಿಂದು ಅಜ್ಜಾನ ತಿಂತಾನು. ಎತ್ತು ಇದ್ದಾಗ ಅಜ್ಜ ಮೊದಲು ಎತ್ತಿಗೆ ತಿನ್ನಿಸಿ, ಅವು ತಿನ್ನೂದು ನೋಡಕೋತ ನಿಂದರತಿದ್ದ. ಪೂಜಿ ಅದಕ್ಕ ಮಾಡತಾರೋ ಏನೋ, ನಿಂತ ನೋಡಾಕ."

ಪುಸ್ತಕದ ಉತ್ತರ ಹೇಳಲೋ ಮನೆಯದು ಹೇಳಲೋ ಎಂದು ಇಷ್ಟು ಹೊತ್ತು ತೂಗುತ್ತಿದ್ದಳು ಪಾಪ, ಕಡೆಗೆ ಎರಡನ್ನೂ ಹೇಳಿದಳು. ನನಗೆ ಹಿಗ್ಗು ತಡೆಯದಾಯಿತು. ಸಾಹುಕಾರರು ಬಾಯಿ ತೆರೆಯುವಷ್ಟರಲ್ಲಿ ಅವಳು, "ಈಗ ನನ್ನ ಪಾಳಿ ಐತ್ರೀ ಸಾವ್ಕಾರ್ರ" ಎಂದಳು. ನಾನು ಕಣ್ಣು ಮುಚ್ಚಿಕೊಂಡೆ. ಉತ್ತರ ಹೇಳಿದವರು ತಿರುಗಿ ಕೇಳುವ ನಮ್ಮ ಪದ್ಧತಿ ಅವಳಿಗೆ ನಿಯಮಕ್ಕಿಂತ ದೊಡ್ಡದು.

"ನೀವು ಏಳನೇ ಕ್ಲಾಸಿನ್ಯಾಗ ಇದ್ದಾಗ ಎಲ್ಲಿ ಕುಂದರತಿದ್ರಿ?"

ಇಡೀ ತರಗತಿ ಕಾಯತೊಡಗಿತು. ಹೆಡ್ಮಾಸ್ತರರು ಏನೋ ಹೇಳಲು ಹೋದರೆ ಮಕ್ಕಳೆಲ್ಲ ತುಟಿಯ ಮೇಲೆ ಬೆರಳಿಟ್ಟು ಅವರನ್ನು ನೋಡಿದರು, ಅವರೂ ಗಪ್ಪಾದರು. ಹೊರಗೆ ಯಾವುದೋ ಗಾಡಿ ಹಾರ್ನು ಹೊಡೆದು ಹೋಯಿತು. ಸಾಹುಕಾರರು ಬೆಂಚಿನ ಮರವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದರು.

"ಹೊರಗವಾ" ಎಂದರು ಕಡೆಗೆ. "ಬಾಗಲದ ಹೊರಗ. ಕೇಳಿದ್ದಕ್ಕ ನನಗ ಲಗೂನ ಹೇಳಾಕ ಬರತಿದ್ದಿಲ್ಲ. ಮಾಸ್ತರು ಕಿವಿ ಹಿಡದು ಹೊರಗ ನಿಂದರಸತಿದ್ರು. ಒಳಗಿನ ಪಾಠ ಕೇಳತಿದ್ದಿಲ್ಲ, ಪ್ಯಾಟಿ ಮಾತ್ರ ಛಂದ ಕಾಣತಿತ್ತು." "ಅದಕ್ಕ ವ್ಯಾಪಾರ ಬಂತು" ಎಂದು ತಾವೇ ಮೊದಲು ನಕ್ಕರು. ಆಗ ಮಕ್ಕಳೂ ನಕ್ಕರು.

ಬೆಂಚಿನಿಂದ ಅವರನ್ನು ಬಿಡಿಸಿ ಎಬ್ಬಿಸಲು ನಾನೂ ಹೆಡ್ಮಾಸ್ತರರೂ ಒಂದೊಂದು ಕೈ ಹಿಡಿಯಬೇಕಾಯಿತು. ವೆರಾಂಡದಲ್ಲಿ ನನ್ನ ಹೆಗಲ ಮೇಲೂ ಆ ಕೈ ಬಂತು. "ಸರ, ಇಷ್ಟ ತಡಕೊಳ್ಳೋ ಮನಶ್ಯಾನ್ನ ನಾ ನೋಡೇ ಇಲ್ಲ" ಎಂದರು. ನಾನು ಉಬ್ಬಿದೆ. ಹೆಡ್ಮಾಸ್ತರರ ಕಡೆ ಹೊರಳಿ ಹೇಳಿದರು: "ಕುಲಕರ್ಣಿಯವರ, ಇಂಥಾವ್ರು ಬುನಾದಿಯಾಗ ಇರಬೇಕ್ರೀ. ನಾಳಿಂದ ಇವರನ್ನ ಎಲ್‌ಕೆಜಿಗೆ ಹಾಕ್ರಿ."

ನಗಬೇಡಿ. ತೇವವಿದ್ದಿದ್ದರೂ ಎಲ್‌ಕೆಜಿ, ಎಳೆ ಒಳ್ಳೆಯದಿದ್ದರೂ ಎಲ್‌ಕೆಜಿ! ಆಡಳಿತ ಮಂಡಳಿಯ ಬೈಗುಳವನ್ನು ತಪ್ಪಿಸಿಕೊಳ್ಳಬಹುದು, ಮೆಚ್ಚುಗೆಯಿಂದ ಪಾರಾಗುವುದು ಸಾಧ್ಯವಿಲ್ಲ. ಏಳನೆಯ ತರಗತಿಗೆ ಅಂಗಡಿ ಸರ್ ಮರಳಿ ಬಂದರು. ಕನ್ನಡವನ್ನೂ ಅವರ ತಲೆಗೇ ಕಟ್ಟಿದರು. ಭಾಗ್ಯಶ್ರೀಯ ಗತಿ ಏನೋ ಎಂಬುದೇ ನನ್ನ ಚಿಂತೆ. ಕಿಟಕಿಯಲ್ಲಿ ಇಣುಕಿದರೆ ಅವಳು ನಡುಬೆಂಚಿನಲ್ಲೇ ಎದ್ದು ನಿಂತಿದ್ದಾಳೆ, ಸುಮ್ಮನೆ. ಅಂಗಡಿ ಸರ್ ಕೈಕಟ್ಟಿಕೊಂಡು ಕಾಯುತ್ತಿದ್ದಾರೆ, ಅವರೂ ಸುಮ್ಮನೆ. ನನ್ನನ್ನು ಕಂಡು, "ಎಲ್‌ಕೆಜಿ ಹುಡುಗೂರು ಬೂಟ ಹಾಕ್ಕೊಳ್ಳೂತನಕ ಕಾದಾವ ನಾನು. ಇದೇನ ಮಹಾ ಬಿಡ್ರಿ" ಎಂದರು. ಮನಸ್ಸಿನ ಭಾರ ಅರ್ಧ ಇಳಿಯಿತು.

ಇನ್ನರ್ಧ ಇಳಿದದ್ದು ಎಲ್‌ಕೆಜಿಯಲ್ಲಿ. ಮೊದಲ ದಿನ ಎರಡು ಜುಟ್ಟಿನ ಒಂದು ಹುಡುಗಿಯ ಮುಂದೆ ನೆಲಕ್ಕೆ ಕೂತು ಆನೆಯ ಚಿತ್ರ ತೋರಿಸಿ "ಇದು ಏನವ್ವಾ?" ಎಂದು ಕೇಳಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ನಾನು ಕಾದೆ. ನನ್ನ ನರೆತ ತಲೆಯನ್ನು ಬಹಳ ಕನಿಕರದಿಂದ ನೋಡಿ ಕೇಳಿದಳು:

"ನಿನಗ ಗೊತ್ತಿಲ್ಲೇನು?"

ಬೆಪ್ಪಾದೆ. ಇಷ್ಟು ವರ್ಷ ಮಕ್ಕಳನ್ನು ನಿಲ್ಲಿಸಿ ನಾನು ಕೇಳಿದ್ದೆಲ್ಲ ನನಗೆ ಗೊತ್ತಿದ್ದದ್ದೇ. ಸಾಹುಕಾರರು ಕೇಳಿದ್ದೂ ಅದನ್ನೇ. ಚಿತ್ರವನ್ನು ಬದಿಗಿಟ್ಟು, ನನಗೆ ನಿಜಕ್ಕೂ ಗೊತ್ತಿಲ್ಲದ ಒಂದನ್ನು ಹುಡುಕಿ ಕೇಳಿದೆ.

"ಡಬ್ಬ್ಯಾಗ ಏನ ತಂದೀವಾ?"

"ಶೇಂಗಾ ಉಂಡಿ" ಎಂದಳು, ಅರೆಗಳಿಗೆಯೂ ತಡಮಾಡದೆ. ಮುಚ್ಚಳ ತೆಗೆದು, ಒಂದನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ, ದೊಡ್ಡ ಅರ್ಧವನ್ನು ನನ್ನ ಕೈಗಿಟ್ಟಳು.