ಗಾಳಿಯಂತ್ರ ಬಿಚ್ಚುವ ದಿನ

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳನ್ನು ಕಟ್ಟಿಕೊಂಡ ವರ್ಷವೇ ನನ್ನ ಸೈಕಲ್ಲಿನ ದೀಪ ಉರಿಸುವ ಡೈನಮೊ ಮಂಗಮಾಯವಾಯಿತು. ಆಮೇಲೆ ಟೇಬಲ್ ಫ್ಯಾನಿನ ರೆಕ್ಕೆ, ನೀರಿನ ಪೈಪು, ಬಟ್ಟೆ ಒಣಹಾಕುವ ತಂತಿ. ಎಲ್ಲವೂ ಒಂಬತ್ತನೇ ತರಗತಿಯ ಗಾಳಿಯಂತ್ರಕ್ಕೆ. ಮಕ್ಕಳು ಶಾಲೆಯ ತಾರಸಿಯ ಮೇಲೆ ಅದನ್ನು ಕಟ್ಟಿ ಬಲ್ಬು ಉರಿಸಬೇಕು. ವರ್ಷದ ಕೊನೆಗೆ ಅವರೇ ಬಿಚ್ಚಿ ನಟ್ಟು ಬೋಲ್ಟುಗಳನ್ನು ಡಬ್ಬಕ್ಕೆ ಹಾಕಬೇಕು. ಮುಂದಿನ ತರಗತಿ ಮೊದಲಿನಿಂದ ಶುರು ಮಾಡಬೇಕು. ಇದು ಅವಳ ಕಟ್ಟಳೆ. ಹೆಡ್ ಮಾಸ್ಟರು ತಲೆ ಚಚ್ಚಿಕೊಂಡರೂ ಬದಲಾಗಲಿಲ್ಲ.

ಅವಳು ನಿವೃತ್ತಳಾಗುವ ವರ್ಷದ ಯಂತ್ರ ಎಲ್ಲಕ್ಕಿಂತ ಚೆನ್ನಾಗಿ ತಿರುಗಿತು. ಲೈಬ್ರರಿಯ ಕತ್ತಲೆ ಮೂಲೆಗೆ ಬೆಳಕು ಬಂತು. ಹೆಡ್ ಮಾಸ್ಟರು ಮನೆಗೇ ಬಂದರು.

"ಇದೊಂದನ್ನ ಬಿಚ್ಚಿಸ್ಬೇಡಿ ಮೇಡಂ. ನಿಮ್ಮ ಹೆಸರಿನ ಬೋರ್ಡ್ ಹಾಕಿ ಹಾಗೇ ಉಳಿಸ್ಕೋತೀವಿ."

ಅವರು ಹೋದ ಮೇಲೆ ನಾನೂ ಗಂಟುಬಿದ್ದೆ. "ಇಷ್ಟು ವರ್ಷ ಜೀವ ತೇಯ್ದಿದ್ದಕ್ಕೆ ಒಂದು ಗುರುತಾದ್ರೂ ಇರ್ಲಿ ಕಣೇ."

"ಆಯ್ತು ಬಿಡಿ, ಇರ್ಲಿ" ಅಂದಳು. ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ಅವಳಿಗೂ ಆಸೆ ಇತ್ತು, ಪಾಪ.

ಕೊನೆಯ ದಿನ ಸಂಜೆ ಅವಳನ್ನು ಕರೆತರಲು ಹೋದೆ. ತಾರಸಿಯಲ್ಲಿ ಅವಳ ಹೆಸರಿನ ತಗಡಿನ ಬೋರ್ಡು ಗೋಡೆಗೆ ಒರಗಿತ್ತು. ಮಕ್ಕಳೆಲ್ಲ ಸುತ್ತ ನಿಂತಿದ್ದರು. ಎಂಟನೇ ತರಗತಿಯ ಹುಡುಗಿಯೊಬ್ಬಳ ಮುಖ ಮಾತ್ರ ಊದಿತ್ತು.

"ಯಾಕೇ, ಬೋರ್ಡ್ ಚೆನ್ನಾಗಿಲ್ವಾ?" ನನ್ನವಳು ಕೇಳಿದಳು.

"ಚೆನ್ನಾಗಿದೆ ಟೀಚರ್. ಆದ್ರೆ ಮುಂದಿನ ವರ್ಷ ನಾವೇನ್ ಮಾಡೋದು? ಇದನ್ನ ನೋಡ್ಕೊಂಡು ಚಿತ್ರ ಬರೆಯೋದಾ?"

ನನ್ನವಳ ಮುಖ ಚಿಕ್ಕದಾಯಿತು. ತಿರುಗುವ ರೆಕ್ಕೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೀಲದಿಂದ ಸ್ಪ್ಯಾನರ್ ತೆಗೆದು ಒಂಬತ್ತನೆಯವರ ಕೈಗಿಟ್ಟಳು.

"ಬಿಚ್ಚಿ. ಮುಂದಿನ ವರ್ಷ ಇವ್ರಿಗೆ ನೀವೇ ಹೇಳ್ಕೊಡ್ಬೇಕು."

"ಬೋರ್ಡು?" ನಾನು ಕೇಳಿದೆ.

"ತಗಡು ಗಟ್ಟಿಯಾಗಿದೆ ರೀ. ಮುಂದಿನ ಯಂತ್ರನ ಗಾಳಿ ಕಡೆ ತಿರುಗಿಸೋ ಬಾಲಕ್ಕಾಗುತ್ತೆ."

ಏಣಿ ನಾನೇ ಹಿಡಿದೆ. ಬೇಜಾರಾಗಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ. ಲೈಬ್ರರಿಯ ಬಲ್ಬು ಆರಿತು. ಕೆಳಗಿಳಿಸಿ ನೋಡಿದರೆ ಡೈನಮೊ ಪೂರ್ತಿ ಸವೆದುಹೋಗಿತ್ತು. ಇನ್ನೊಂದು ವರ್ಷ ಬಾಳುವಂತಿರಲಿಲ್ಲ. ಆ ಹುಡುಗಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಅಂಗಳದಲ್ಲಿ ನನ್ನ ಸೈಕಲ್ಲಿತ್ತು. ಮೊದಲನೆಯದು ಹೋದ ಮೇಲೆ ಕೊಂಡು, ಇಷ್ಟು ವರ್ಷ ಹೆಂಡತಿಯ ಕೈಗೆ ಸಿಗದಂತೆ ಕಾಪಾಡಿಕೊಂಡ ಎರಡನೇ ಡೈನಮೊ ಅದರಲ್ಲಿತ್ತು. ಸ್ಪ್ಯಾನರ್ ಇಸಿದುಕೊಂಡು ನಾನೇ ಬಿಚ್ಚಿದೆ.

"ತಗೋಮ್ಮ" ಅಂದೆ.

ಕತ್ತಲಾಗಿತ್ತು. ದೀಪವಿಲ್ಲದ ಸೈಕಲ್ ತಳ್ಳಿಕೊಂಡು ಇಬ್ಬರೂ ನಡೆದೇ ಬಂದೆವು. ಮುಂದಿನ ವರ್ಷದ ರೆಕ್ಕೆ ಎಷ್ಟು ಅಗಲ ಇರಬೇಕು ಎಂದು ಅವಳು ಮನೆ ಬರುವವರೆಗೂ ಹೇಳುತ್ತಲೇ ಇದ್ದಳು.