ಗುರುತು ಕೇಳುವ ಯಾರಪ್ಪ

ಅಪ್ಪ ಅಮ್ಮ ಇಟ್ಟ ಹೆಸರು ನೇಮಕದ ಕಾಗದದಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲೂ ಬೀದಿಯಲ್ಲೂ ಅವನು ಯಾರಪ್ಪ. ಬಾಗಿಲು ತಟ್ಟಿದವಳು ಹೆತ್ತ ತಾಯಿಯೇ ಆಗಲಿ, ಒಳಗಿಂದ "ಯಾರು?" ಅನ್ನದೆ ಚಿಲಕ ತೆಗೆದವನಲ್ಲ.

"ನಿಮ್ಮ ಹೆಂಡ್ತಿ ಕಣ್ರೀ! ಇನ್ಯಾವ ಮಹಾರಾಣಿ ಬರ್ತಾಳೆ ಈ ಮನೆಗೆ?" ಅಂತ ಅವಳು ಹೊರಗೆ ನಿಂತು ಕೂಗಿದರೆ ಎದುರುಮನೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಉತ್ತರ ಕೊಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಆ ಪ್ರಶ್ನೆ ಎಲ್ಲಿ ಹುಟ್ಟಿತು ಅಂತ ಅವಳೊಬ್ಬಳಿಗೇ ಗೊತ್ತಿತ್ತು.

ಇಪ್ಪತ್ತರ ಪ್ರಾಯದಲ್ಲಿ ಅವನು ನೂಲಿನ ಗಿರಣಿಯಲ್ಲಿ ಕಡಿದ ಎಳೆ ಕಟ್ಟುತ್ತಿದ್ದ. ಗಿರಣಿಗೆ ಬೀಗ ಬಿತ್ತು. ಹೊಟ್ಟೆ ಕೇಳಬೇಕಲ್ಲ, ಸೈನ್ಯ ಸೇರಿದ. ಕಿವಿ ಚುರುಕು ಅಂತ ವೈರ್‌ಲೆಸ್ ಪೆಟ್ಟಿಗೆ ಮುಂದೆ ಕೂರಿಸಿದರು. ಅಲ್ಲಿ ದಿನಕ್ಕೊಂದು ಗುಟ್ಟಿನ ಪದ. ಮಾತಾಡುವವರು ಯಾರೇ ಇರಲಿ, ಮೊದಲು ಆ ಪದ ಕೇಳಬೇಕು, ಆಮೇಲೇ ಆಜ್ಞೆ ಬರೆದುಕೊಳ್ಳಬೇಕು. ಹನ್ನೊಂದು ವರ್ಷ ಕೇಳಿದ. ಒಂದು ಬೆಳಿಗ್ಗೆ ಕೇಳಲಿಲ್ಲ.

ಅವತ್ತು ಬಂದದ್ದು ಕ್ಯಾಪ್ಟನ್ ದನಿ. ಅದೇ ಗೊಗ್ಗರು, ಅದೇ ಕೆಮ್ಮು, ಅದೇ ಬೈಗುಳ. "ಏಯ್, ಸೇತುವೆ ಹೋಗಿದೆ! ಲಾರಿಗಳನ್ನ ಕೆಳಗಿನ ದಾರೀಲಿ ಕಳಿಸೋ, ಬೇಗ!" ಇಷ್ಟು ಪರಿಚಯದ ಮನುಷ್ಯನ ಗುರುತು ಕೇಳೋದು ಹೇಗೆ? ನಾಚಿಕೆ ಅಡ್ಡ ಬಂತು. ಕಳಿಸಿದ. ಮೊದಲ ಲಾರಿಯ ಡ್ರೈವರ್ ಅವನ ತಟ್ಟೆಯಲ್ಲೇ ಉಣ್ಣುತ್ತಿದ್ದ ಗೆಳೆಯ. "ನನ್ನ ಚಹಾ ಮುಚ್ಚಿಡೋ, ಕುಡಿದು ಮುಗಿಸ್ಬೇಡ" ಅಂದು ಹೊರಟಿದ್ದ. ಕೆಳಗಿನ ದಾರಿಯಲ್ಲಿ ವೈರಿಗಳು ನೆಲಬಾಂಬು ಹೂತಿದ್ದರು, ಮೊದಲ ಲಾರಿ ವಾಪಸ್ ಬರಲಿಲ್ಲ. ಸೇತುವೆ ಕಲ್ಲಿನ ಹಾಗೆ ನಿಂತೇ ಇತ್ತು. ಕ್ಯಾಪ್ಟನ್ ಅವತ್ತು ಪೆಟ್ಟಿಗೆ ಮುಟ್ಟಿಯೇ ಇರಲಿಲ್ಲ. ತಿಂಗಳುಗಟ್ಟಲೆ ಕದ್ದು ಕೇಳಿದ ವೈರಿಯೊಬ್ಬ ಅವರ ಕೆಮ್ಮನ್ನೂ ಕಲಿತಿದ್ದ.

ವಿಚಾರಣೆ ಆಯಿತು, ಛೀಮಾರಿ ಹಾಕಿದರು. ಉಳಿದ ನಾಲ್ಕು ವರ್ಷ ಉಗ್ರಾಣದಲ್ಲಿ ಬೂಟು ಎಣಿಸಿ ಹೊರಬಿದ್ದ.

ಮೂವತ್ತೈದಕ್ಕೆ ಸಂಜೆ ಕಾಲೇಜಿನಲ್ಲಿ ಸೈಬರ್ ಭದ್ರತೆ ಓದಲು ಕೂತ. ಮೊದಲ ಪಾಠದ ದಿನವೇ, ತಂಗಿ ವಯಸ್ಸಿನ ಮೇಷ್ಟ್ರಮ್ಮ ಹೇಳಿದ್ದಳು: "ಕಳ್ಳ ಬೀಗ ಒಡೆಯೋದು ಕಡಿಮೆ. ಗುರುತಿನವನ ಥರ ಬಂದು ಬಾಗಿಲು ತಟ್ತಾನೆ. ತೆಗೆಯೋರು ನಾವೇ." ಅವನು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಎರಡು ಸಲ ಡುಮ್ಕಿ ಹೊಡೆದರೂ ಬಿಡಲಿಲ್ಲ. ಹೆಂಡತಿ ಹೊಲಿಗೆ ಮಿಷನ್ ತುಳಿಯುತ್ತಲೇ ಪ್ರಶ್ನೆ ಓದಿ ಹೇಳುತ್ತಿದ್ದಳು. "ಫೈರ್‌ವಾಲ್ ಅಂದ್ರೆ ಏನ್ರೀ? ನಮ್ಮ ಒಲೆ ಹಿಂದೆ ಗೋಡೆ ಕಪ್ಪಗಾಗಿದ್ಯಲ್ಲ, ಅದಾ?"

ಮೂವತ್ತೊಂಬತ್ತಕ್ಕೆ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ಕಾಯುವ ಕೆಲಸ ಸಿಕ್ಕಿತು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಅಂದರು. ಬಂದ ವಾರವೇ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ: ಫೋನಿನಲ್ಲಿ ಪಾಸ್‌ವರ್ಡ್ ಕೇಳಿದರೆ ಫೋನ್ ಇಡಬೇಕು, ಆಸ್ಪತ್ರೆಯ ಫೋನ್ ಪುಸ್ತಕದಲ್ಲಿರುವ ನಂಬರಿಗೆ ತಿರುಗಿ ನಾವೇ ಮಾಡಬೇಕು.

ಆರು ತಿಂಗಳು ತುಂಬಲು ಹನ್ನೊಂದು ದಿನ ಇದ್ದಾಗ, ಮಧ್ಯಾಹ್ನ ಫೋನ್ ಬಂತು.

"ನಾನ್ರೀ, ಸರ್ಜನ್. ಟೇಬಲ್ ಮೇಲೆ ಪೇಷೆಂಟ್ ಇದಾನೆ. ನನ್ನ ಪಾಸ್‌ವರ್ಡ್ ಲಾಕ್ ಆಗಿ ಹಳೇ ಸ್ಕ್ಯಾನ್ ಬರ್ತಿಲ್ಲ. ಹೊಸದು ಕೊಡಿ, ಈಗಲೇ."

"ಫೋನ್ ಇಡಿ ಮೇಡಂ, ನಾನೇ ತಿರುಗಿ ಮಾಡ್ತೀನಿ."

"ಕೈಗೆ ಗ್ಲೌಸ್ ಹಾಕಿದೀನಿ, ನರ್ಸ್ ಫೋನ್ ಹಿಡ್ಕೊಂಡಿದಾಳೆ! ನನ್ನ ದನಿ ಗೊತ್ತಾಗಲ್ವೇನ್ರೀ?"

ಗೊತ್ತಾಗಿತ್ತು. ಅವತ್ತು ಕ್ಯಾಪ್ಟನ್ ದನಿಯೂ ಗೊತ್ತಾಗಿತ್ತು.

ಫೋನ್ ಇಟ್ಟ. ಪುಸ್ತಕ ತೆಗೆದು ಆಪರೇಷನ್ ಕೋಣೆಯ ನಂಬರ್ ಒತ್ತಿದ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ. ನಿಜವಾಗಿದ್ದರೆ ಎತ್ತಬೇಕಿತ್ತಲ್ಲ! ಮೂರನೇ ಸಲ ರಿಂಗಾಗುತ್ತಿದ್ದಾಗ ಎದ್ದು ಓಡಿದ. ಮೂರು ಮಹಡಿ ಹತ್ತಿದ. ಆ ಕೋಣೆಗೆ ಬೀಗ. ಹೋದ ತಿಂಗಳು ಆಪರೇಷನ್ ಕೋಣೆಯನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಿದ್ದರು. ಪುಸ್ತಕದಲ್ಲಿ ನಂಬರ್ ತಿದ್ದುವುದು ಯಾರಿಗೂ ಹೊಳೆದಿರಲಿಲ್ಲ, ನಿಯಮ ಬರೆದವನಿಗೂ.

ಹೊಸ ಕೋಣೆಯ ಗಾಜಿನಾಚೆ ಡಾಕ್ಟರಮ್ಮನ ಕಣ್ಣು ಕಂಡಾಗ ಒಂಬತ್ತು ನಿಮಿಷ ಆಗಿತ್ತು. ಸ್ಕ್ಯಾನ್ ತೆರೆಸಿಕೊಟ್ಟ. ಸಂಜೆಯ ಹೊತ್ತಿಗೆ ಪೇಷೆಂಟ್ ಹೋಗಿಬಿಟ್ಟ. ಬಸ್ ಕಂಡಕ್ಟರ್. ಅವನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಗಂಡನ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಕೂತಿದ್ದಳು.

ಮತ್ತೆ ವಿಚಾರಣೆ. ಯಾರಪ್ಪ ನಿಯಮದಂತೆ ನಡೆದಿದ್ದಾನೆ ಅಂದರು. "ಒಂಬತ್ತು ನಿಮಿಷ ಮೊದಲೇ ಸಿಕ್ಕಿದ್ರೆ ಉಳೀತಿದ್ನಾ?" ಅಂತ ಅವನೇ ಕೇಳಿದ. ಡಾಕ್ಟರಮ್ಮ "ಗೊತ್ತಿಲ್ಲ ಕಣ್ರೀ" ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕಾಯಂ ಮಾಡಿದ ಕಾಗದ ಹಿಡಿದು ಮನೆ ಬಾಗಿಲು ತಟ್ಟಿದ. ಸುದ್ದಿ ಮೊದಲೇ ತಿಳಿದಿದ್ದ ಹೆಂಡತಿ, ನಗಿಸೋಣ ಅಂತ, "ಯಾರು?" ಅಂದಳು. ಹೊರಗಿಂದ ಉತ್ತರ ಬರಲಿಲ್ಲ. ಮತ್ತೆ ಕೇಳದೆ ಅವಳೇ ಚಿಲಕ ತೆಗೆದಳು.

ಮರುದಿನ ಬೆಳಿಗ್ಗೆ ಅವನು ಪುಸ್ತಕ ಮುಂದಿಟ್ಟುಕೊಂಡು ಒಂದೊಂದೇ ನಂಬರ್ ಒತ್ತತೊಡಗಿದ. "ಯಾರು? ಯಾವ ಕೋಣೆ?" ಮುನ್ನೂರಕ್ಕೂ ಹೆಚ್ಚು. ಅಡುಗೆಯವರು ಬೈದರು, ಶವಾಗಾರದವನು "ಇಲ್ಲಿಂದ ಯಾರು ಪಾಸ್‌ವರ್ಡ್ ಕೇಳ್ತಾರೆ ಯಾರಪ್ಪ?" ಅಂದ. ಎಲ್ಲ ಮುಗಿದ ಮೇಲೆ ಹಳೇ ಆಪರೇಷನ್ ಕೋಣೆಯ ನಂಬರೂ ಒತ್ತಿದ. ಮೂರು ಮಹಡಿ ಮೇಲೆ, ಬೀಗ ಹಾಕಿದ ಕೋಣೆಯಲ್ಲಿ ರಿಂಗಾಗುತ್ತಿತ್ತು. ತಾನಾಗಿ ನಿಲ್ಲುವವರೆಗೂ ಕೇಳಿಸಿಕೊಂಡು, ಆಮೇಲೆ ಸ್ಕೇಲಿಟ್ಟು ಆ ಸಾಲನ್ನು ಹೊಡೆದುಹಾಕಿದ.