ವೈಪರಿನ ಕೆಳಗೆ ಸಿಕ್ಕ ಖಣದ ಚೂರುಗಳು

ಇಳಕಲ್ಲಿನಲ್ಲಿ ನನ್ನ ಗಂಡನ ತಂಗಿಯ ಮಗಳಿಗೆ ಚೊಚ್ಚಲ ಬಸುರಿನ ಕುಬಸ ಇತ್ತು. ಅಮೀನಗಡ ದಾಟುತ್ತಿದ್ದಂತೆ ಮಳೆ ಹಿಡಿಯಿತು. ನಮ್ಮವರು ವೈಪರ್ ಹಾಕಿದರು. ಕಡ್ಡಿಗಳು ಗಾಜಿನ ಅರ್ಧಕ್ಕೆ ಬಂದು, ಒಮ್ಮೆ ನಡುಗಿ, ನಿಂತುಬಿಟ್ಟವು. ಒಳಗೆಲ್ಲೋ ಗುಂಯ್ ಎಂಬ ಸಪ್ಪಳ ಮಾತ್ರ ಕೇಳುತ್ತಿತ್ತು. ಕಾರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ಮಳೆ ತಗ್ಗುವುದನ್ನು ಕಾಯುತ್ತ ಕೂತೆವು.

"ಮೊನ್ನೆ ತನಕ ಛಲೋ ಇತ್ತು," ಅಂದರು ನಮ್ಮವರು. "ಗುಳೇದಗುಡ್ಡಕ್ಕ ಹೋಗಿ ಬಂದ ಮ್ಯಾಲೆ ಹಿಂಗಾಗೇತಿ."

ಮಾತು ಎತ್ತ ಹೊರಟಿದೆ ಎಂದು ನನಗೆ ತಿಳಿಯಿತು. ನವನಗರದ ನಮ್ಮ ಓಣಿಯಲ್ಲಿ ಚರಂಡಿಗಾಗಿ ರಸ್ತೆ ಅಗೆದು ಹಾಕಿದ್ದರಿಂದ ಕಾರನ್ನು ಗುಳೇದಗುಡ್ಡದ ನನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದೆವು. ಅಕ್ಕನದು ನೇಕಾರರ ಮನೆ. ಪಡಸಾಲೆಯಲ್ಲಿ ಮಗ್ಗ, ಪಕ್ಕದಲ್ಲಿ ತಗಡಿನ ಚಪ್ಪರ. ಆ ಚಪ್ಪರದ ಕೆಳಗೆ ಕಾರು ಸುಮಾರು ಒಂದು ತಿಂಗಳು ನಿಂತಿತ್ತು. ಚಾವಿಯನ್ನೂ ಅಕ್ಕನ ಗಂಡ, ನಮ್ಮ ಮಾಮಾನ ಕೈಗೆ ಕೊಟ್ಟು ಬಂದಿದ್ದೆವು.

"ಮಾಮಾ ಗಾಡಿ ಮುಟ್ಟಿಲ್ಲ ಅಂತ ಅಕ್ಕ ಹೇಳ್ಯಾಳ," ಅಂದೆ.

"ಹೇಳ್ಯಾಳ, ಖರೆ," ಅಂದರು.

ಮಳೆ ಸಣ್ಣದಾದ ಮೇಲೆ ಹುನಗುಂದದವರೆಗೆ ಹೇಗೋ ಬಂದೆವು. ಅಲ್ಲಿ ಗಾಡಿಯ ವೈರಿಂಗ್ ಕೆಲಸ ಮಾಡುವ ಒಬ್ಬಾತ ಫ್ಯೂಜ್ ತೆಗೆದು ಬೆಳಕಿಗೆ ಹಿಡಿದು ನೋಡಿದ. ಫ್ಯೂಜ್ ಸರಿಯಾಗಿದೆ, ಮೋಟಾರು ಸುಟ್ಟಿದೆ, ಹೊಸದೇ ಹಾಕಬೇಕು ಎಂದ.

"ಮೋಟಾರ್ ಸುಟ್ಟಿದ್ರ ಸಪ್ಪಳ ಎಲ್ಲಿಂದ ಬರ್ತೈತ್ರಿ?" ಎಂದು ನಮ್ಮವರು ಕೇಳಿದರು.

"ನಂಬಿಕಿ ಇಲ್ಲಂದ್ರ ನೀವ ಬಿಚ್ಚಿ ನೋಡ್ರಿ," ಎಂದು ಆತ ಇನ್ನೊಂದು ಗಾಡಿಯತ್ತ ಹೋದ.

ಕುಬಸದ ಊಟ ಮುಗಿಸಿ ಮರಳುವಾಗ ಪುಣ್ಯಕ್ಕೆ ಮಳೆ ಇರಲಿಲ್ಲ. ಆದರೆ ಕಾರಿನೊಳಗೆ ಬೇರೆಯೇ ಮೋಡ ಕವಿದಿತ್ತು. ಹಿಂದಿನ ಸೀಟಿನ ಮೇಲೆ ನಮ್ಮವರಿಗೆ ಒಂದು ಕೆಂಪು ನೂಲಿನ ಎಳೆ ಸಿಕ್ಕಿತ್ತು. ಅದನ್ನು ಬೆರಳಿಗೆ ಸುತ್ತಿಕೊಂಡೇ ಗಾಡಿ ಓಡಿಸಿದರು. ಮಾಮಾ ತಾನು ನೇಯ್ದ ರವಿಕೆ ಖಣದ ಗಂಟು ಹೇರಿಕೊಂಡು ಬಾದಾಮಿಯ ಅಂಗಡಿಗಳಿಗೆ ತಿರುಗಿರಬೇಕು, ಎಲ್ಲೋ ಗುದ್ದಿಸಿರಬೇಕು ಎಂಬುದು ಅವರ ಲೆಕ್ಕ. ನಾನು ಅಲ್ಲ ಎಂದು ವಾದಿಸಿದೆ. ವಾದಿಸುತ್ತಲೇ, ಚಾವಿ ವಾಪಸ್ಸು ಕೊಡುವಾಗ ಅಕ್ಕ ನನ್ನ ಮುಖ ನೋಡದೆ ಏನೋ ಯೋಚನೆಯಲ್ಲಿದ್ದದ್ದು ನೆನಪಾಗಿ ನನ್ನ ವಾದ ಸಡಿಲಾಯಿತು.

ಮುಂದಿನ ರವಿವಾರ ಅಂಗಳದಲ್ಲಿ ನಾವೇ ಬಿಚ್ಚಿದೆವು. ವೈಪರ್ ಕಡ್ಡಿಗಳ ಬುಡದ ನಟ್ಟು ಸಡಿಲಿಸಿ, ಗಾಜಿನ ಕೆಳಗಿನ ಕರಿ ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ, ಒಳಗೆ ಬೇವಿನ ತೊಪ್ಪಲು, ತೆಂಗಿನ ನಾರು, ಅದರ ನಡುವೆ ಖಣದ ಚೂರುಗಳು: ಕೆಂಪು, ಹಸಿರು, ನೀಲಿ. ಮೋಟಾರಿನಿಂದ ಕಡ್ಡಿಗಳಿಗೆ ಹೋಗುವ ಸಲಾಕೆಯ ಕೀಲಿನಲ್ಲಿ ಅವು ತುರುಕಿಕೊಂಡಿದ್ದವು. ಕೀಲು ತನ್ನ ಜಾಗ ಬಿಟ್ಟು ಕಳಚಿತ್ತು. ಮೋಟಾರು ತಾನೊಂದೇ ತಿರುಗುತ್ತಿತ್ತು, ಅಷ್ಟೇ.

"ನೋಡು," ಅಂದರು ನಮ್ಮವರು. "ನಾ ಹೇಳಿದ್ದಿಲ್ಲೇನು? ಖಣ ಹೇರ್ಯಾರ."

"ಗಂಟು ಡಿಕ್ಕಿಯೊಳಗ ಹೇರ್ತಾರಲ್ರಿ. ಇಲ್ಲಿ ಯಾರು ತುರುಕ್ತಾರ?"

ಅವರು ಬಗ್ಗಿ ಮತ್ತೆ ನೋಡಿದರು. ಶೇಂಗಾದ ಸಿಪ್ಪೆ ಇತ್ತು, ಇಲಿಯ ಹಿಕ್ಕೆ ಇತ್ತು. ಬಟ್ಟೆಯ ಅಂಚುಗಳನ್ನೆಲ್ಲ ಇಲಿ ಹಲ್ಲಿನಿಂದ ಕಡಿದಿತ್ತು. ಅವರು ಎಲ್ಲವನ್ನೂ ಹೊರಗೆ ತೆಗೆದು, ಕೀಲನ್ನು ಒತ್ತಿ ಕೂಡಿಸಿ, ಗ್ರೀಸ್ ಹಚ್ಚಿದರು. ನಾನು ಚರಿಗೆಯಿಂದ ಗಾಜಿನ ಮೇಲೆ ನೀರು ಹಾಕಿದೆ. ಕಡ್ಡಿಗಳು ಸರಾಗವಾಗಿ ಓಡಾಡಿದವು. ಆದರೂ ಸಂಜೆ ಚಹಾ ಕುಡಿಯುವಾಗ, "ಇಲಿ ಕಾಟ ಐತಿ ಅಂತ ಮೊದಲ ಹೇಳಬೇಕಿತ್ತವರು," ಅಂದರು. ಸಂಶಯ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ.

ಆ ಚೂರುಗಳನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಈಗ ಯಾರೂ ನೇಯದ ಹಳೆಯ ಚಿತ್ತಾರಗಳು ಅವುಗಳಲ್ಲಿದ್ದವು. ಒಗೆದು ಒಣಗಿಸಿ ಅಕ್ಕನಿಗೆ ಒಯ್ದೆ.

ಅಕ್ಕ ಚಾಪೆಯ ಮೇಲೆ ಅವನ್ನು ಹರವಿ ನೋಡಿದಳು. ಮುಖ ಬಿಗಿಯಿತು.

"ಎಲ್ಲಿ ಸಿಕ್ಕುವು ನಿನಗ ಇವು?"

"ಕಾರಿನ್ಯಾಗ."

"ನಿಮ್ಮ ಕಾರಿನ್ಯಾಗ ಹೆಂಗ ಬಂದುವು?"

ಆ ದನಿಯಲ್ಲಿ ಅಕ್ಕ ನನ್ನನ್ನು ಎಂದೂ ಮಾತಾಡಿಸಿರಲಿಲ್ಲ. ಒಂದು ಗಳಿಗೆ ಅವಳ ಕಣ್ಣಿಗೆ ನಾನೇ ಕಳ್ಳಿಯಾಗಿದ್ದೆ. ಇಲಿಯ ವಿಷಯ ಪೂರ್ತಿ ಹೇಳಿದ ಮೇಲೆ ಅವಳು ಗೋಡೆಗೆ ಒರಗಿ ಕೂತಳು.

ಅವು ಅವಳ ಅತ್ತೆ ಕೂಡಿಟ್ಟಿದ್ದ ನಮೂನೆಯ ತುಂಡುಗಳಂತೆ. ಗಿರಾಕಿಗೆ ತೋರಿಸಲೆಂದು ಮಗ್ಗದ ಹತ್ತಿರ ಮುಚ್ಚಳವಿಲ್ಲದ ಡಬ್ಬಿಯಲ್ಲಿ ಇರುತ್ತಿದ್ದವು. ಒಂದೊಂದಾಗಿ ಕಾಣೆಯಾಗತೊಡಗಿದಾಗ ಅಕ್ಕನ ಅನುಮಾನ ಹೋದದ್ದು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಲು ಬರುತ್ತಿದ್ದ ಹೆಂಗಸಿನ ಮೇಲೆ. ನಾನೂ ಆಕೆಯನ್ನು ಬಲ್ಲೆ. ಅಕ್ಕ ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿದ್ದವಳು.

"ಬಾಯಿಬಿಟ್ಟು ಕಳ್ಳಿ ಅಂದಿಲ್ಲ ನಾ," ಅಂದಳು ಅಕ್ಕ. "ಒಂದಿನ ಮನಿಗೆ ಹೊಂಟಾಗ, ಸೆರಗ ಝಾಡಿಸಿ ಹೋಗವ್ವಾ ಅಂದೆ. ಝಾಡಿಸಿದ್ಲು. ಮರುದಿನದಿಂದ ಬರ್ಲಿಲ್ಲ."

ಚಾವಿ ಕೊಡುವಾಗ ಅವಳ ಮನಸ್ಸು ಎಲ್ಲಿತ್ತು ಎಂದು ನನಗೆ ಆಗ ಗೊತ್ತಾಯಿತು.

ಇಬ್ಬರೂ ಆಕೆಯ ಮನೆಗೆ ಹೋದೆವು. ಆಕೆ ಕಟ್ಟೆಯ ಮೇಲೆ ಕೂತು ಬೇರೆಯವರ ನೂಲು ಸುತ್ತುತ್ತಿದ್ದಳು. ಅಕ್ಕ ಹೇಳುತ್ತ ಹೋದಳು. ಆಕೆಯ ಕೈಯಲ್ಲಿದ್ದ ರಾಟಿ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ಈ ಇಲಿ ಗೂಡ ಸಿಗಲಿಲ್ಲಂದ್ರ ನಾ ಕಳ್ಳೀನ ಆಗಿರ್ತಿದ್ನಲ್ಲವ್ವಾ?"

"ತಪ್ಪಾತು. ನಾಳಿಂದ ಬಾ," ಅಂದಳು ಅಕ್ಕ.

"ಇಲ್ಲಿ ಕೆಲಸ ಹಿಡಿದೇನ್ರಿ," ಎಂದಳು ಆಕೆ. ಅಲ್ಲಿಯವರೆಗೆ ಅಕ್ಕನಿಗೆ ಆಕೆ ಎಂದೂ 'ರಿ' ಹಚ್ಚಿ ಮಾತಾಡಿರಲಿಲ್ಲ. ನಮಗೆ ಚಹಾ ಮಾಡಿ ಕೊಟ್ಟಳು. ನಾವು ಕುಡಿಯುವಾಗ ನನ್ನ ಕೈಚೀಲದತ್ತ ಒಮ್ಮೆ ನೋಡಿದಳು. ಇವರಿಬ್ಬರೂ ನಿಜಕ್ಕೂ ಯಾಕೆ ಬಂದಿದ್ದಾರೆ ಎಂಬಂತೆ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಮಾಮಾನಿಗೆ ಫೋನ್ ಹಚ್ಚಿದರು. ಮಳೆ, ಪೇಟೆ, ಮಕ್ಕಳ ಸಾಲಿ ಎಲ್ಲವನ್ನೂ ಮಾತಾಡಿದರು, ಕಾರಿನದೊಂದನ್ನು ಬಿಟ್ಟು. ಈಗ ಅಕ್ಕನ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸವನ್ನು ಅಕ್ಕನೇ ಮಾಡುತ್ತಾಳೆ. ಆ ಹೆಂಗಸು ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳಂತೆ. ಅಕ್ಕನ ಮನೆಯ ಹೊಸ್ತಿಲು ಮಾತ್ರ ತುಳಿದಿಲ್ಲ.